ಅದು ಸರಿ, ಏನ್ ಮಾಡಿದೆ ಹೇಳು

ನಿಮ್ಮ ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿ, ಕೈ ಜೋಡಿಸಿ, ನೇರವಾಗಿ ದೇವರ ಹತ್ತಿರವೇ ನಿಮ್ಮ ಮೇಲೆ ಚಾಡಿ ಹೇಳಿದ್ದಾರಾ? ಅದೂ ನೀವು ಪಕ್ಕದಲ್ಲೇ ಮೊಣಕಾಲೂರಿ ಕೂತಿರುವಾಗ? ನಮ್ಮ ಮನೆಯಲ್ಲಿ ಇದು ದಿನಾ ಸಂಜೆ ನಡೆಯುತ್ತಿತ್ತು. ಹೇಳಿದರೆ ಜನ ನಂಬುವುದಿಲ್ಲ. ಪ್ರಾರ್ಥನೆ ಮಾಡುವ ಮನೆ ಅಂದರೆ ಜಗಳವೇ ಇರುವುದಿಲ್ಲ ಅಂದುಕೊಂಡಿರುತ್ತಾರೆ. ನಮ್ಮ ಮನೆಯಲ್ಲೂ ಬೆಳಗ್ಗಿನಿಂದ ಸಂಜೆಯವರೆಗೆ ಯಾರೂ ದನಿ ಎತ್ತುತ್ತಿರಲಿಲ್ಲ, ನಿಜ. ಯಾಕೆಂದರೆ ಎಲ್ಲವನ್ನೂ ಪ್ರಾರ್ಥನೆಗೆ ಅಂತ ಎತ್ತಿಡುತ್ತಿದ್ದರು.

ಎಪ್ಪತ್ತರ ದಶಕದ ಮಾತು. ನನ್ನ ಅಪ್ಪ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಯಾವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ತಿರುಗಿಸಿ ಕೊಡುವ ಕೆಲಸ. ನಮಗೆ ಕೊಟ್ಟಿದ್ದ ಕ್ವಾರ್ಟರ್ಸ್‌ನಲ್ಲಿ ಮುಂದೊಂದು ಕೋಣೆ, ನಡುವೆ ಒಂದು ಕೋಣೆ, ಹಿಂದೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಇಂಜಿನ್ನಿನ ಹೊಗೆ ಕಿಟಕಿಯಿಂದ ಒಳಗೆ ಬಂದು ಸುಣ್ಣದ ಗೋಡೆಯ ಮೇಲೆ ಕೂರುತ್ತಿತ್ತು. ಅಮ್ಮ ಅದನ್ನು ದಿನಾ ಒರೆಸುತ್ತಿದ್ದಳು, ಅದು ದಿನಾ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಮೊಳೆ. ಅಪ್ಪ ಡ್ಯೂಟಿ ಮುಗಿಸಿ ಬಂದು ಕೆಂಪು ಬಾವುಟ ಹಸಿರು ಬಾವುಟ ಎರಡನ್ನೂ ಸುರುಳಿ ಸುತ್ತಿ ಆ ಮೊಳೆಗೆ ಸಿಕ್ಕಿಸಿದ ಅಂದರೆ ಆ ಹೊತ್ತಿಗೆ ದುರ್ಗದ, ಅಂದರೆ ಚಿತ್ರದುರ್ಗದ ಕಡೆಗೆ ಹೋಗುವ ಪ್ಯಾಸೆಂಜರ್ ಸೀಟಿ ಹಾಕುತ್ತಿತ್ತು. ಸೀಟಿ ಕೇಳಿದರೆ ಅಮ್ಮ ಒಲೆಯ ಮೇಲಿನ ಎಸರು ಇಳಿಸಿ ಬರಬೇಕು, ಅಜ್ಜಿ ಚಾಪೆ ಹಾಸಬೇಕು, ನಾನು ಲಾಂದ್ರದ ಗಾಜು ಒರೆಸಿ ನಡುವೆ ಇಡಬೇಕು. ಇಷ್ಟೇ ಜನ ನಾವು. ಅಪ್ಪ, ಅಮ್ಮ, ಅಪ್ಪನ ಅಮ್ಮ ಅಂದರೆ ನಮ್ಮ ಅಜ್ಜಿ, ನಾನು. ಅಮ್ಮನ ಹೆಸರು ಗ್ರೇಸಿ, ನನ್ನ ಹೆಸರು ಸುಶೀಲ. ಆ ಹೆಸರಿಗೂ ಈ ಕತೆಗೂ ಎಷ್ಟು ದೂರ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ಅಪ್ಪ ಬೈಬಲಿನ ಒಂದು ಅಧ್ಯಾಯ ಓದುತ್ತಿದ್ದ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸಬೇಕು: ಅಪ್ಪ, ಅಮ್ಮ, ನಾನು, ಕೊನೆಗೆ ಅಜ್ಜಿ. ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಉತ್ತರ ಕೊಡಬೇಕಾದರೆ ನಿಮ್ಮ ಸರದಿ ಬರುವವರೆಗೆ ಕಾಯಬೇಕು. ಅಪ್ಪ ಶುರು ಮಾಡುತ್ತಿದ್ದ.

"ತಂದೆಯೇ, ಬಿಸಿಲಲ್ಲಿ ದುಡಿದು ಬಂದವನಿಗೆ ತಣ್ಣಗಾದ ಮುದ್ದೆ ಇಕ್ಕೋರನ್ನ ಕ್ಷಮಿಸು."

ಅಮ್ಮ ತನ್ನ ಸರದಿಯಲ್ಲಿ,

"ಸ್ವಾಮೀ, ಮುದ್ದೆ ಆಗೋ ಹೊತ್ತಿಗೆ ಮನೆಗೆ ಬರ್ದೆ ಪ್ಲಾಟ್‌ಫಾರಮ್ಮಲ್ಲಿ ಕುಂತು ಹರಟೆ ಹೊಡಿಯೋರಿಗೂ ಬುದ್ಧಿ ಕೊಡು. ಉಪ್ಪಿನ ಮರಿಗೆ ಮುಚ್ಚೋದು ಮರೆಯೋ ಹಿರೇರಿಗೆ ಜ್ಞಾಪಕಶಕ್ತಿ ಕೊಡು."

ಹಿರೇರು ಅಂದರೆ ಅಜ್ಜಿ. ಬೇರೆ ಮನೆಯಾಗಿದ್ದರೆ ಅತ್ತೆ ಸೊಸೆ ಜಡೆ ಹಿಡಿದಿರುತ್ತಿದ್ದರು. ನಮ್ಮ ಮನೆಯಲ್ಲಿ ಅಜ್ಜಿ ತನ್ನ ಸರದಿಯವರೆಗೆ ಸುಮ್ಮನೆ ಕೂತಿದ್ದು, ಕೊನೆಗೆ ಒಂದೇ ಒಂದು ಸಾಲು ಹೇಳುತ್ತಿದ್ದಳು.

"ಸ್ವಾಮಿ, ನಂದೂ ತಪ್ಪೈತೆ. ನೋಡ್ಕ. ಆಮೆನ್."

ಅಷ್ಟೇ. ನನಗೆ ನೆನಪಿರುವಷ್ಟು ದಿನವೂ ಅದೇ. ಅಜ್ಜಿಗೆ ಓದು ಬರುತ್ತಿರಲಿಲ್ಲ. ವಯಸ್ಸಿನಲ್ಲಿ ದುರ್ಗದ ಒಂದು ಮಿಶನ್ ಆಸ್ಪತ್ರೆಯಲ್ಲಿ ರೋಗಿಗಳ ಬಟ್ಟೆ ಒಗೆಯುತ್ತಿದ್ದವಳು. ಅಮ್ಮನಿಗೆ ಆ ಸಾಲು ಕೇಳಿದರೆ ಮೈ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ. ಜಗಳ ಒಳ್ಳೇ ಹದಕ್ಕೆ ಬಂದಿರುವಾಗ ಈ ಮುದುಕಿ ನಂದೂ ತಪ್ಪೈತೆ ಅಂದುಬಿಟ್ಟರೆ ಮುಂದೆ ಏನು ಮಾಡುವುದು? ಎದ್ದು ಊಟಕ್ಕೆ ಕೂರುವುದು, ಅಷ್ಟೇ.

ಈಗ ನನ್ನ ವಿಷಯ. ನಾನು ಪ್ರಾರ್ಥನೆಯಲ್ಲಿ ಪಂಡಿತೆ. ವಯಸ್ಸು ಒಂಬತ್ತೋ ಹತ್ತೋ. ತಿಂಗಳಿಗೊಮ್ಮೆ ದುರ್ಗದಿಂದ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ರೈಲಿನಲ್ಲಿ ಬಂದು ನಮ್ಮ ಮುಂದಿನ ಕೋಣೆಯಲ್ಲೇ ಆರಾಧನೆ ನಡೆಸುತ್ತಿದ್ದರು. ಸುತ್ತಮುತ್ತಲ ಐದಾರು ಕ್ರೈಸ್ತ ಮನೆಗಳವರು ಬಂದು ಸೇರುತ್ತಿದ್ದರು. ಅಯ್ಯನವರ ಬಾಯಿಂದ ಬೀಳುವ ದೊಡ್ಡ ದೊಡ್ಡ ಮಾತುಗಳನ್ನು ನಾನು ಗೋಲಿ ಆರಿಸಿಕೊಳ್ಳುವ ಹಾಗೆ ಆರಿಸಿಕೊಳ್ಳುತ್ತಿದ್ದೆ. ಕೃಪಾಸಾಗರನೇ. ಧೂಳಿಗೆ ಸಮಾನಳಾದ ನಾನು. ನಿನ್ನ ಪಾದಪೀಠದ ಬಳಿ ಬಿದ್ದಿರುವ ಹುಳು. ಇವನ್ನೆಲ್ಲ ಪೋಣಿಸಿ ಸಂಜೆ ಒಪ್ಪಿಸಿದರೆ ಅಪ್ಪ ಕಣ್ಣು ಮುಚ್ಚಿಕೊಂಡೇ ನಡುನಡುವೆ "ಹೌದು ಸ್ವಾಮಿ, ಹೌದು ಸ್ವಾಮಿ" ಅನ್ನುತ್ತಿದ್ದ. ಎಷ್ಟು ಸಲ ಅಂದ ಅಂತ ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಆಮೆನ್ ಆದ ಮೇಲೆ ಅಮ್ಮ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕುತ್ತಿದ್ದಳು. ನಾನು ಹುಳು ಅಂತ ಎಷ್ಟು ಚೆಂದ ಹೇಳಿದರೆ ಬೆಲ್ಲ ಅಷ್ಟು ದೊಡ್ಡದು.

ಬೆಳಗ್ಗೆ ನನ್ನ ಕೆಲಸ ಹಾಲು ತರುವುದು. ಹಳಿಗಳ ಆಚೆ ಅರ್ಧ ಗಂಟೆ ನಡೆದರೆ ಒಂದು ಹಟ್ಟಿ. ಅಲ್ಲಿಂದ ಕೆಂಚಮ್ಮ ಅನ್ನುವ ಹೆಂಗಸು ಎಮ್ಮೆ ಹಾಲು ಹೊತ್ತು ತರುತ್ತಿದ್ದಳು. ಬಿ.ದುರ್ಗ ಅನ್ನುವ ಹಳ್ಳಿಯ ಕಡೆಯ ಹೆಣ್ಣು, ಗಂಡ ಕುರಿ ಹಿಂದೆ ಹೋದರೆ ಎಷ್ಟೋ ದಿನ ಮನೆಗೆ ಬರುತ್ತಿರಲಿಲ್ಲ. ಯಾರ್ಡಿನಲ್ಲಿ ಗೂಡ್ಸ್ ಗಾಡಿಗಳು ಅಡ್ಡ ನಿಂತಿರುತ್ತಿದ್ದವು. ತಲೆ ಮೇಲೆ ಹಾಲು ಹೊತ್ತು ಅದರ ಕೆಳಗೆ ನುಸುಳಲು ಆಗುತ್ತದಾ? ಅದಕ್ಕೆ ಅವಳು ಆಚೆ ಬದಿಯ ಹೊಂಗೆ ಮರದ ಕೆಳಗೇ ಕೂತು ಅಳೆದು ಹಾಕುತ್ತಿದ್ದಳು. ಕ್ವಾರ್ಟರ್ಸಿನ ಏಳು ಮನೆಗಳಿಂದ ಹೆಂಗಸರೋ ಮಕ್ಕಳೋ ಪಾತ್ರೆ ಹಿಡಿದು ಹೋಗುತ್ತಿದ್ದೆವು. ನನ್ನ ಕೈಯಲ್ಲಿ ಹಿಡಿಕೆ ಇರುವ ಅಲ್ಯುಮಿನಿಯಂ ಡಬ್ಬಿ.

ಮೊದಲ ದಿನ ನಿಜವಾಗಿಯೂ ಚೆಲ್ಲಿದ್ದು. ಹಳಿಯಿಂದ ಹಳಿಗೆ ಕುಪ್ಪಳಿಸುವಾಗ ಮುಚ್ಚಳ ಹಾರಿ ಅರ್ಧ ಪಾವು ಜಲ್ಲಿಯ ಮೇಲೆ ಹೋಯಿತು. ಅಮ್ಮನ ಮುಖ ನೆನಪಾಯಿತು. ಇಂಜಿನ್ನಿಗೆ ನೀರು ತುಂಬುವ ದೊಡ್ಡ ಕೊಳವೆಯ ಪಕ್ಕ ಒಂದು ನಲ್ಲಿ ಇತ್ತು. ಅಷ್ಟು ನೀರು ಹಿಡಿದು ಮುಚ್ಚಳ ಒತ್ತಿದೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೆ ಹೋಗಿದ್ದೇ ತಪ್ಪಾಯಿತು ನೋಡಿ. ಎರಡನೇ ದಿನ ಒಂದು ಗುಟುಕು ಕುಡಿದೆ. ಬೆಚ್ಚಗೆ, ನೊರೆ ನೊರೆಯಾಗಿ, ಎಮ್ಮೆಯ ಮೈವಾಸನೆ ಸಮೇತ. ಮೂರನೇ ದಿನ ಎರಡು ಗುಟುಕು. ಆಮೇಲೆ ಲೆಕ್ಕ ಇಡಲಿಲ್ಲ. ಕುಡಿದಷ್ಟು ನಲ್ಲಿಯಿಂದ ತುಂಬಿಸುತ್ತಿದ್ದೆ.

ಅಮ್ಮ ದಡ್ಡಿಯಲ್ಲ. ಮೊಸರು ಹೆಪ್ಪುಗಟ್ಟುವುದು ನಿಂತಿತು. ಕೆನೆ ಅನ್ನುವುದು ಮೇಲೆ ತೇಲುವ ತೆಳು ಕಾಗದವಾಯಿತು. ಒಂದು ದಿನ ಹೆಬ್ಬೆರಳಿನ ಉಗುರ ಮೇಲೆ ಒಂದು ಹನಿ ಹಾಲು ಬಿಟ್ಟುಕೊಂಡಳು. ಗಟ್ಟಿ ಹಾಲಾದರೆ ಉಗುರ ಮೇಲೆ ನಿಲ್ಲುತ್ತದೆ. ಇದು ಸರ್ರನೆ ಜಾರಿ ಕೆಳಗೆ ಬಿತ್ತು. ಅಮ್ಮ ನನ್ನನ್ನು ಕರೆದು ಕೇಳಿದಳು.

"ಸುಶಿ, ಕೆಂಚಮ್ಮ ನಿನ್ನ ಮುಂದೇನೇ ನೀರು ಹಾಕ್ತಾಳೇನೆ?"

ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಹೌದು ಅಂತ ಕತ್ತು ಆಡಿಸಿದೆ. ಆಮೇಲೆ ಎಷ್ಟೋ ದಿನ ನನಗೆ ನಾನೇ ಇದನ್ನು ಸಮಾಧಾನವಾಗಿ ಹೇಳಿಕೊಳ್ಳುತ್ತಿದ್ದೆ, ನಾನೇನೂ ಹೇಳಲಿಲ್ಲವಲ್ಲ ಅಂತ.

ಮಾರನೇ ದಿನ ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ತಾನೇ ಬಂದಳು, ನಾನು ಹಿಂದೆ. ಮರದ ಕೆಳಗೆ ಏಳು ಮನೆಯವರೂ ಸೇರಿದ್ದಾರೆ. ಅಮ್ಮ ಡಬ್ಬಿಯನ್ನು ಕೆಂಚಮ್ಮನ ಮುಂದೆ ಕುಕ್ಕಿದಳು.

"ನೀರು ಕುಡಿಯಾಕೆ ನಮಗೆ ನಲ್ಲಿ ಐತೆ ಕಣವ್ವ, ನಿನ್ನ ಹತ್ರ ಯಾಕೆ ಬರ್ಬೇಕು? ನನ್ನ ಮಗಳೇ ಕಣ್ಣಾರೆ ನೋಡೈತೆ. ನಾಳೆಯಿಂದ ನಮಗೆ ಬ್ಯಾಡ. ಇವರೆಲ್ಲ ಹಾಕಿಸ್ಕಂತಾರೋ ಬಿಡ್ತಾರೋ ಅವರಿಷ್ಟ."

ಕೆಂಚಮ್ಮ ಡಬ್ಬಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿರುವವಳ ಹಾಗೆ ಆ ಕಡೆ ತಿರುಗಿದೆ. ಅವಳು ಎದ್ದು ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಹಾಲು ಮಾರುವ ಹೆಂಗಸಿಗೆ ಬಾಯಿ ಇಲ್ಲದೆ ಇರುತ್ತದಾ? ಅವಳು ಸೆರಗಿನ ತುದಿಯಿಂದ ಅಳತೆಯ ಪಾವು ಒರೆಸುತ್ತಾ ಅಂದಳು:

"ಇರಬೋದು ತಗಳ್ರಿ."

ಅಷ್ಟೇ. ಅದನ್ನು ಒಪ್ಪಿಗೆ ಅಂತ ಎಲ್ಲರೂ ತಿಳಿದರು. ಎರಡು ದಿನದಲ್ಲಿ ಏಳು ಮನೆಯವರೂ ಅವಳ ಹಾಲು ಬಿಟ್ಟರು. ಕೆಂಚಮ್ಮ ತುಂಬಿದ ಗಡಿಗೆ ಹೊತ್ತು ಹೊಂಗೆ ಮರದ ಕೆಳಗೆ ನಿಲ್ಲದೆ ನೇರವಾಗಿ ಊರೊಳಗೆ ಹೋಗಿ, ಮನೆ ಮನೆ ಬಾಗಿಲಲ್ಲಿ ನಿಂತು ಹಾಲು ಬೇಕಾ ಅಂತ ಕೇಳುವುದನ್ನು ನಾನು ಶಾಲೆಗೆ ಹೋಗುವಾಗ ನೋಡಿದೆ. ಕೆಲವರು ಬಾಗಿಲಲ್ಲೇ, "ಸ್ಟೇಷನ್ನೋರು ಬಿಡಿಸಿದ್ರಂತಲ್ಲ" ಅನ್ನುತ್ತಿದ್ದರು.

ಆ ಸಂಜೆ ನಾನು ಮಾಡಿದ ಪ್ರಾರ್ಥನೆಯನ್ನು ಇವತ್ತು ನೆನೆದರೂ ಕಿವಿ ಬಿಸಿಯಾಗುತ್ತದೆ. ಕಳ್ಳತನದ ಕತ್ತಲೆಯಲ್ಲಿರುವ ಕೆಂಚಮ್ಮನಿಗೆ ಬೆಳಕು ತೋರಿಸು, ಅವಳನ್ನು ನಿನ್ನ ಕೃಪೆಯ ಮಡಿಲಿಗೆ ಸೇರಿಸಿಕೋ ಅಂತ. ಅಪ್ಪ ಆರು ಸಲ ಹೌದು ಸ್ವಾಮಿ ಅಂದ. ಬೆಲ್ಲ ಎರಡು ಚೂರು. ಆಮೆನ್ ಆದ ಮೇಲೆ ಅಪ್ಪ ಅಮ್ಮನಿಗೆ ಹೇಳಿದ:

"ಬರೋ ಭಾನುವಾರ ಅಯ್ಯನೋರು ಬಂದಾಗ ಇವಳೇ ಪ್ರಾರ್ಥನೆ ಶುರು ಮಾಡ್ಲಿ. ಹೊಳಲ್ಕೆರೆಯಿಂದ್ಲೂ ಜನ ಬರ್ತಾರೆ, ನೋಡ್ಲಿ."

ನನಗೆ ಇನ್ನೇನು ಬೇಕು? ಇಡೀ ಸಭೆಯ ಮುಂದೆ ಎದ್ದು ನಿಲ್ಲುವ ಮೊದಲ ಅವಕಾಶ. ಅಜ್ಜಿ ತನ್ನ ಸಾಲು ಹೇಳಿ ಚಾಪೆ ಸುತ್ತಿದಳು.

ಭಾನುವಾರಕ್ಕೆ ಇನ್ನು ಎರಡು ದಿನ ಇರುವಾಗ, ಶಾಲೆಯ ದಾರಿಯಲ್ಲಿ ಕೆಂಚಮ್ಮ ಎದುರು ಸಿಕ್ಕಳು. ತಪ್ಪಿಸಿಕೊಳ್ಳಲು ಆ ಕಡೆ ಗಟಾರ, ಈ ಕಡೆ ಬೇಲಿ. ಅವಳು ಗಡಿಗೆ ಇಳಿಸಿ ನನ್ನ ಗಲ್ಲ ಹಿಡಿದಳು.

"ಏನವ್ವ ಕೂಸೆ, ಇಷ್ಟು ಸಣ್ಣಾಗಿದೀಯ? ಮನೇಲಿ ಈಗ ಹಾಲು ಯಾರತ್ರ ಹಾಕಿಸ್ಕಂತೀರಿ? ಹಾಕಿಸ್ಕಳವಲ್ರಾ? ಕೈಯೊಡ್ಡು."

ಬೊಗಸೆಗೆ ಹಾಲು ಹೊಯ್ದಳು. ನಾನು ಕುಡಿದೆ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನನ್ನ ಬಾಯಿಯ ನೊರೆಯನ್ನು ಅವಳೇ ಸೆರಗಿನಿಂದ ಒರೆಸಿ, ಗಡಿಗೆ ಹೊತ್ತು ಹೋದಳು. ಇಡೀ ದಿನ ಕೈ ಜಿಗುಟು ಜಿಗುಟು. ಎರಡು ಸಲ ತೊಳೆದರೂ ಹೋಗಲಿಲ್ಲ.

ಅವತ್ತು ಸಂಜೆ ಹೇಳಿಬಿಡಬೇಕು ಅಂತ ತೀರ್ಮಾನ ಮಾಡಿದೆ. ಹೇಳಿದರೆ ಭಾನುವಾರ ಹೋಯಿತು, ಬೆಲ್ಲ ಹೋಯಿತು, ಬೆನ್ನಿಗೆ ಬೀಳುವುದು ಬೇರೆ. ಆದರೂ ಹೇಳಬೇಕು. ನನ್ನ ಸರದಿ ಬಂತು. ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಯಿ ತೆರೆದೆ. ಬಂದದ್ದು ಏನು ಗೊತ್ತಾ? ಕೃಪಾಸಾಗರನೇ, ಪಾಪಿಗಳಲ್ಲೆಲ್ಲ ದೊಡ್ಡ ಪಾಪಿಯಾದ ನಾನು ಧೂಳಿನಲ್ಲಿ ಬಿದ್ದಿದ್ದೇನೆ, ನನ್ನ ಕೈಗಳು ಕೊಳೆಯಾಗಿವೆ, ನನ್ನ ತುಟಿಗಳು ಅಶುದ್ಧವಾಗಿವೆ, ನನ್ನ ಹೃದಯ ಕಲ್ಲಾಗಿದೆ. ಹೇಳುತ್ತಾ ಹೇಳುತ್ತಾ ನಿಜವಾಗಿಯೂ ಅತ್ತೆ. ಒಂದು ಸುಳ್ಳೂ ಇರಲಿಲ್ಲ ಅದರಲ್ಲಿ. ಕೈ, ತುಟಿ, ಎಲ್ಲವೂ ಹಾಲಿನದೇ. ಆಮೆನ್ ಅನ್ನುವ ಮೊದಲೇ ಅಪ್ಪ ಕಣ್ಣು ಬಿಟ್ಟ. ಅವನ ಕಣ್ಣಲ್ಲೂ ನೀರು.

"ನೋಡು ಗ್ರೇಸಿ, ಎಂಥ ದೀನತೆ. ಈ ವಯಸ್ಸಿಗೆ ಎಂಥ ದೀನತೆ ಕೊಟ್ಟವ್ನೆ ದೇವರು ಈ ಮಗೀಗೆ."

ಅಮ್ಮ ಬೆಲ್ಲದ ಡಬ್ಬಿಗೆ ಎದ್ದಳು. ನಾನು ಮೂಗು ಒರೆಸಿಕೊಂಡು ಕೂತೆ. ನಿಮಗೆ ಒಳಗಿನ ಮಾತು ಹೇಳುತ್ತೇನೆ, ನನಗೆ ಹಗುರವಾಗಿತ್ತು. ಹೇಳಿಯಾಯಿತು, ದೇವರಿಗೆ ಗೊತ್ತಾಯಿತು, ಭಾನುವಾರವೂ ಉಳಿಯಿತು. ಆಗ ಅಜ್ಜಿ, ತನ್ನ ಸರದಿಯ ಸಾಲನ್ನೂ ಹೇಳದೆ, ಲಾಂದ್ರವನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು.

"ಅದು ಸರಿ. ಏನ್ ಮಾಡಿದೆ ಹೇಳು."

"ಏನಿಲ್ಲ ಅಜ್ಜಿ."

"ಏನಿಲ್ದೆ ದೊಡ್ಡ ಪಾಪಿ ಹೆಂಗಾದೆ? ಆಸ್ಪತ್ರೇಲಿ ನನ್ನತ್ರ ಬಟ್ಟೆ ಗಂಟು ಬರೋದು. ಕೊಳೆ ಆಗೈತೆ, ಕೊಳೆ ಆಗೈತೆ ಅಂದ್ರೆ ಒಗಿಯಾಕಾಗಲ್ಲ ಕಣವ್ವ. ಗಂಟು ಬಿಚ್ಚಿ, ರಕ್ತ ಎಲ್ಲೈತೆ, ಕೀವು ಎಲ್ಲೈತೆ ನೋಡ್ಬೇಕು. ಬಿಚ್ಚು."

ಅಪ್ಪ ನಡುವೆ ಬಂದ.

"ಏನಮ್ಮ ನೀನು, ಮಗು ದೇವರ ಮುಂದೆ ಅತ್ತೈತೆ, ಅದನ್ನ ಹಿಂಗಾ ಕೇಳೋದು?"

"ನೀನು ಸುಮ್ನಿರಪ್ಪ. ನಿನ್ನ ಕಿವಿಗೆ ಇಂಪಾದ್ರೆ ಸಾಕು ನಿಂಗೆ."

ನಾನು ಹೇಳಿದೆ. ಚೆಲ್ಲಿದ್ದು, ಕುಡಿದಿದ್ದು, ನಲ್ಲಿ, ಕತ್ತು ಆಡಿಸಿದ್ದು. ಎಲ್ಲ ಸೇರಿ ನಾಲ್ಕು ಮಾತು. ಅಷ್ಟು ಉದ್ದದ ಪ್ರಾರ್ಥನೆಗೆ ಆಗದ ಕಷ್ಟ ಆ ನಾಲ್ಕು ಮಾತಿಗೆ ಆಯಿತು. ಅಮ್ಮನ ಕೈಯಲ್ಲಿ ಬೆಲ್ಲ ಇನ್ನೂ ಹಾಗೇ ಇತ್ತು. ಅವಳು ಅದನ್ನು ಡಬ್ಬಿಗೆ ವಾಪಸ್ ಹಾಕಿ, ಮುಚ್ಚಳ ಒತ್ತಿ, ಕೈ ಎತ್ತಿದಳು. ಅಜ್ಜಿ ಆ ಕೈ ಹಿಡಿದುಕೊಂಡಳು.

"ಹೊಡಿಬ್ಯಾಡ. ಹೊಡದ್ರೆ ಇಲ್ಲಿಗೆ ಮುಗೀತದೆ. ನಾಳೆ ಹಟ್ಟಿಗೆ ಹೋಗಾಣ. ನೀನೂ ಬಾ."

"ನಾನಾ? ಇವಳು ಮಾಡಿದ್ದಕ್ಕೆ ನಾನು ಹೋಗಿ ಕೆಂಚಮ್ಮಗೆ ಕೈ ಮುಗೀಬೇಕಾ ಅತ್ತೆ?"

"ಇವಳು ಕತ್ತು ಆಡಿಸಿದ್ಲು. ಬಾಯಿ ಮಾಡಿದ್ದು ನೀನು."

ಅಪ್ಪ ಗಂಟಲು ಸರಿ ಮಾಡಿಕೊಂಡ.

"ಭಾನುವಾರ ಹೆಂಗಿದ್ರೂ ಅಯ್ಯನೋರು ಬರ್ತಾರೆ. ಅವರನ್ನೇ ಒಂದು ಮಾತು ಕೇಳಾಣ. ಅಲ್ಲಿತನ್ಕ ಪ್ರಾರ್ಥನೇಲಿ ಇಡಾಣ."

"ಅಯ್ಯನೋರು ಅವಳತ್ರ ಹಾಲು ಹಾಕಿಸ್ಕಂತಿದ್ರೇನೋ? ದೇವರು ಹಾಕಿಸ್ಕಂತಿದ್ನಾ? ಹಾಕಿಸ್ಕಂಡೋರು ಹೋಗ್ಬೇಕು."

ಅವತ್ತು ಊಟ ಯಾರಿಗೂ ಸೇರಲಿಲ್ಲ. ಬೆಳಗ್ಗೆ ಅಮ್ಮ ಬಾಳೆಹಣ್ಣಿನ ಚಿಪ್ಪು ಕೈಗೆತ್ತಿಕೊಂಡು ಬರಿಗೈಲಿ ಹೆಂಗೆ ಹೋಗೋದು ಅಂದಳು. ಅಜ್ಜಿ ಅದನ್ನು ಅವಳ ಕೈಯಿಂದ ತೆಗೆದಿಟ್ಟು ಖಾಲಿ ಹಾಲಿನ ಡಬ್ಬಿ ಕೊಟ್ಟಳು. "ಹಣ್ಣು ಕೊಟ್ರೆ ಅವಳೇ ನಿನಗೆ ಉಪಚಾರ ಮಾಡ್ಬೇಕಾಯ್ತದೆ. ಇದನ್ನ ಹಿಡ್ಕ, ಸಾಕು." ಹಳಿ ದಾಟಿ, ಜಾಲಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಮೂವರೂ ನಡೆದೆವು. ದಾರಿಯುದ್ದಕ್ಕೂ ಅಮ್ಮನ ಕೈಯಲ್ಲಿ ಖಾಲಿ ಡಬ್ಬಿಯ ಹಿಡಿಕೆ ಕಿಣಿಕಿಣಿ ಅನ್ನುತ್ತಿತ್ತು.

ಕೆಂಚಮ್ಮ ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು. ನಮ್ಮನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಕರೆಯುವಾಗ ನಡುವೆ ನಿಲ್ಲಿಸಿದರೆ ಎಮ್ಮೆ ಸೊರ ಬಿಡುವುದಿಲ್ಲವಂತೆ, ಹಾಲು ಇಳಿಸುವುದಿಲ್ಲವಂತೆ. ನಾವು ಕಾದೆವು. ಮುಗಿಸಿ ಎದ್ದ ಮೇಲೆ ಅಮ್ಮ ಶುರು ಮಾಡಿದಳು.

"ಕೆಂಚಮ್ಮ, ನಾವೆಲ್ಲ ಮನುಷ್ಯರು. ಅರಿತೋ ಅರಿಯದೆಯೋ ನಮ್ಮಿಂದ ತಪ್ಪು ನಡೀತದೆ. ದೇವರ ದೃಷ್ಟಿಯಲ್ಲಿ ಯಾರೂ ನೀತಿವಂತರಲ್ಲ…"

ಕೆಂಚಮ್ಮ ಅಜ್ಜಿಯ ಕಡೆ ನೋಡಿದಳು.

"ಏನ್ ಹೇಳ್ತಾರಜ್ಜಿ ಇವ್ರು? ನಂಗೆ ತಿಳೀವಲ್ದು."

"ಗ್ರೇಸಿ," ಅಂದಳು ಅಜ್ಜಿ, ನಿನ್ನೆ ನನಗೆ ಅಂದ ಅದೇ ದನಿಯಲ್ಲಿ, "ಅದು ಸರಿ. ಏನ್ ಮಾಡಿದೆ ಹೇಳು."

ಅಮ್ಮ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ನೀನು ನೀರು ಹಾಕಿರ್ಲಿಲ್ಲ. ನಮ್ಮ ಹುಡುಗಿ ಕುಡಿದು ನಲ್ಲಿ ನೀರು ತುಂಬ್ಸಿದ್ಲು. ನಾನು ವಿಚಾರಿಸ್ದಂಗೇ ಎಲ್ಲರ ಮುಂದೆ ನಿನ್ನ ಕಳ್ಳಿ ಮಾಡ್ದೆ."

ಕೆಂಚಮ್ಮ ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

"ಅಯ್ಯೋ ನಮ್ಮವ್ವ. ನಾನು ಹಾಲು ಅಳದಾದ್ಮ್ಯಾಲೆ ಪಾವು ತೊಳೀತೀನಲ್ಲ, ಹಾಲು ಅಂಟಿರೋ ನೀರು ಚೆಲ್ಲಬಾರ್ದು ಅಂತ ವಾಪಸ್ ಗಡಿಗೆಗೇ ಹಾಕ್ತಿದ್ದೆ. ಒಂದು ಗುಟುಕು ನೀರು. ನಮ್ಮತ್ತೆ ಕಾಲದಿಂದ್ಲೂ ಹಂಗೇ. ನೀವು ಅವತ್ತು ಕೇಳಿದ್ರಲ್ಲ, ಅದೇ ಇರಬೋದು, ನಂದೂ ತಪ್ಪೈತೆ ಅಂದ್ಕಂಡೆ. ಅವತ್ತಿಂದ ಆ ನೀರು ಯಾವ್ದಾದ್ರೂ ಗಿಡದ ಬುಡಕ್ಕೆ ಹಾಕ್ತಾ ಇದೀನಿ."

ಅಜ್ಜಿ ತಟ್ಟನೆ ಅವಳ ಮುಖ ನೋಡಿದಳು. ದಿನಾ ತಾನು ಹೇಳುವ ಸಾಲನ್ನು ಇನ್ನೊಬ್ಬರ ಬಾಯಲ್ಲಿ, ಅದೂ ನಮ್ಮ ಸಭೆಗೆ ಎಂದೂ ಕಾಲಿಡದ ಹೆಂಗಸಿನ ಬಾಯಲ್ಲಿ ಕೇಳಿದ್ದಳು. ಹೋಗಿ ಅದೇ ಕಲ್ಲಿನ ಮೇಲೆ ಅವಳ ಪಕ್ಕ ಕೂತಳು. ನಿಂತಿದ್ದವಳು ಅಮ್ಮ ಒಬ್ಬಳೇ. ಕೆಂಚಮ್ಮ, "ನೀವೂ ಕುಂತ್ಕಳ್ರಿ" ಅಂದಳು. ಅಮ್ಮ ತನ್ನ ಇಸ್ತ್ರಿ ಸೀರೆಯಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ ಕೂತಳು. ಕೆಂಚಮ್ಮ ನನ್ನ ಕಿವಿ ಹಿಡಿದು ಎಳೆದಳು, ನೋಯುವ ಹಾಗೇ.

"ಕುಡೀಬೇಕು ಅಂದ್ರೆ ಕೇಳ್ಬಾರ್ದೇನೆ ಕತ್ತೆ? ನಿನ್ನ ಹೊಟ್ಟೆಗೆ ನಾನು ಅಳತೆ ಇಡ್ತಿದ್ನಾ?"

ಇಷ್ಟಕ್ಕೇ ಮುಗಿದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅಮ್ಮ ಎದ್ದು, ಸೆರಗು ಕೊಡವಿ, ಹಂಗಾದರೆ ನಾಳೆಯಿಂದ ಹಾಲು ತರ್ತೀಯಲ್ಲ ಅಂದಳು. ಕೆಂಚಮ್ಮ ತಲೆ ಅಲ್ಲಾಡಿಸಿದಳು.

"ತರ್ತೀನಿ. ಆದ್ರೆ ಗ್ರೇಸಮ್ಮಾರೆ, ನೀವು ಅಂದಿದ್ದು ಹೊಂಗೆ ಮರದ ಕೆಳಗೆ. ಇಲ್ಲಿ ಬಂದು ಹೇಳಿದ್ರೆ ನಮ್ಮೆಮ್ಮೆ ಕೇಳಿಸ್ಕಂತು, ಅಷ್ಟೆ."

ಅಮ್ಮನ ಮುಖ ಕೆಂಪಾಯಿತು. ಅಜ್ಜಿ ನೆಲ ನೋಡುತ್ತಾ ನಕ್ಕಳು, ನನಗೆ ಕಾಣಿಸಿತು.

ಅಮ್ಮ ಅವತ್ತು ಸಂಜೆವರೆಗೂ ಮುಸುರೆ ತಿಕ್ಕಿದ್ದೇ ತಿಕ್ಕಿದ್ದು. ಪಾತ್ರೆಗಳ ಸದ್ದಿನಲ್ಲೇ ಅವಳು ಯಾರ ಜೊತೆಗೋ ವಾದ ಮಾಡುತ್ತಿದ್ದಾಳೆ ಅನ್ನುವುದು ಗೊತ್ತಾಗುತ್ತಿತ್ತು. ಸಂಜೆ ಪ್ರಾರ್ಥನೆಯಲ್ಲಿ ತನ್ನ ಸರದಿ ಬಂದಾಗ, "ಸ್ವಾಮೀ, ಈ ಮನೇಲಿ ಕೆಲವರು…" ಅಂತ ಶುರು ಮಾಡಿ ನಿಲ್ಲಿಸಿದಳು. ಆಮೇಲೆ ಬಹಳ ಮೆಲ್ಲಗೆ,

"ನಂದೂ ತಪ್ಪೈತೆ. ನೋಡ್ಕ."

ನನ್ನ ಸರದಿಯನ್ನು ನಾನು ಬಿಟ್ಟುಕೊಟ್ಟೆ. ಕೊನೆಗೆ ಅಜ್ಜಿಯ ಸರದಿ. ಅವಳ ಸಾಲನ್ನು ಸೊಸೆ ತೆಗೆದುಕೊಂಡಾಗಿತ್ತು. ಅಜ್ಜಿ ಸ್ವಲ್ಪ ಯೋಚಿಸಿ, "ಆಮೆನ್. ಮುದ್ದೆ ಆರ್ತದೆ, ಏಳ್ರಿ" ಅಂದಳು.

ಮಾರನೇ ದಿನ ಭಾನುವಾರ. ಆರಾಧನೆಗೆ ಮೊದಲು, ಬೆಳಗ್ಗೆಯೇ, ಅಮ್ಮ ಉಳಿದ ಆರು ಮನೆಯ ಬಾಗಿಲಿಗೂ ಹೋಗಿ ಹಾಲಿಗೆ ಬರ್ರಿ ಅಂತ ಕರೆದಳು. ಬಂದರು, ಏನೋ ಜಗಳ ನೋಡಬಹುದು ಅಂತಲೇ ಬಂದರು. ಕೆಂಚಮ್ಮ ಮರದ ಕೆಳಗೆ ಗಡಿಗೆ ಇಳಿಸಿಕೊಂಡು ಕೂತಿದ್ದಳು. ಅಮ್ಮ ನನ್ನ ಕೈ ಹಿಡಿದು ನಡುವೆ ನಿಂತು, ಒಂದು ಉಸಿರಲ್ಲಿ ಎಲ್ಲವನ್ನೂ ಹೇಳಿದಳು. ದೇವರ ಹೆಸರು ಬರಲಿಲ್ಲ, ಧೂಳು ಬರಲಿಲ್ಲ, ಹುಳು ಬರಲಿಲ್ಲ. ಹುಡುಗಿ ಕುಡಿದಳು, ನೀರು ತುಂಬಿಸಿದಳು, ನಾನು ಕೇಳದೆ ಇವಳನ್ನು ಕಳ್ಳಿ ಅಂದೆ, ನೀವು ನನ್ನ ಮಾತು ಕೇಳಿ ಬಿಟ್ಟಿರಿ. ಯಾರೋ ಒಬ್ಬರು ಮುಸಿಮುಸಿ ನಕ್ಕರು. ಅಮ್ಮ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಜೀವನದಲ್ಲಿ ಮೊದಲ ಸಲ ಅಮ್ಮನಿಗೂ ಭಯ ಆಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ಕೈಯಿಂದ. ಹೇಳಿ ಮುಗಿಸಿ ಡಬ್ಬಿ ಮುಂದೆ ಹಿಡಿದಳು. ಕೆಂಚಮ್ಮ ಅಳೆದು ಹಾಕಿದಳು, ಪಾವು ತೊಳೆದಳು. ಆ ನೀರನ್ನು ಮರದ ಬುಡಕ್ಕೆ ಚೆಲ್ಲಲು ಕೈ ತಿರುಗಿಸಿದಾಗ ಅಮ್ಮ ಅಂದಳು:

"ಅದನ್ನೂ ಹಾಕು. ಚೆಲ್ಲಬ್ಯಾಡ."

ಅವತ್ತಿನ ಆರಾಧನೆಯಲ್ಲಿ ನನ್ನ ಪ್ರಾರ್ಥನೆ ಇರಲಿಲ್ಲ. ಅಪ್ಪನೇ ಅಯ್ಯನವರಿಗೆ, "ಇವಳಿಗೆ ಮಾತು ಕಲಿಸ್ಬಿಟ್ಟೆ ಅಯ್ಯನೋರೆ, ಒಳಗೇನೈತೆ ಅಂತ ನೋಡ್ಲಿಲ್ಲ" ಅಂದ. ನಾನು ಹಿಂದಿನ ಸಾಲಲ್ಲಿ ಅಜ್ಜಿಯ ತೊಡೆಗೆ ಒರಗಿ ಕೂತಿದ್ದೆ. ಅವಳ ಸೀರೆಗೆ ಯಾವಾಗಲೂ ಸೋಪಿನ ವಾಸನೆ, ಒಗೆಯುವ ಕೆಲಸ ಬಿಟ್ಟು ಎಷ್ಟು ವರ್ಷವಾಗಿದ್ದರೂ.

ಆಮೇಲೆ ನಮ್ಮ ಮನೆಯ ಜಗಳಗಳೇನೂ ನಿಲ್ಲಲಿಲ್ಲ, ಸುಳ್ಳು ಹೇಳುವುದಿಲ್ಲ. ಮುದ್ದೆ ಆರುತ್ತಿತ್ತು, ಉಪ್ಪಿನ ಮರಿಗೆ ತೆರೆದಿರುತ್ತಿತ್ತು, ದೇವರಿಗೆ ದೂರು ಹೋಗುತ್ತಲೇ ಇತ್ತು. ದೀನತೆಯ ಬಗ್ಗೆ ಆಮೇಲೆ ನಾನು ಪಾದ್ರಿಗಳ ಎಷ್ಟೋ ಉಪದೇಶ ಕೇಳಿದ್ದೇನೆ. ಮೈಕ್ ಹಿಡಿದು ನಾನು ಏನೂ ಅಲ್ಲ, ನಾನು ಬರೀ ಧೂಳು ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೇಳುತ್ತಾ ಕೂತಿರುವಾಗ ನನ್ನ ಕಿವಿಯಲ್ಲಿ ಅಜ್ಜಿ ಲಾಂದ್ರ ಪಕ್ಕಕ್ಕೆ ಸರಿಸುತ್ತಾಳೆ. ನಾನು ಧೂಳು ಅನ್ನುವುದಕ್ಕೆ ಖರ್ಚೇನೂ ಇಲ್ಲ, ಮೇಲಾಗಿ ಬೆಲ್ಲ ಸಿಗುತ್ತದೆ. ಹಾಲಿಗೆ ನೀರು ಹಾಕಿದ್ದು ನಾನು ಅನ್ನಬೇಕಾದರೆ ಹಳಿ ದಾಟಿ ಅರ್ಧ ಗಂಟೆ ನಡೆಯಬೇಕು. ದೇವರ ಬಗ್ಗೆ ನನಗೆ ಗೊತ್ತಿರುವ ಸ್ವಲ್ಪವನ್ನೂ ನಾನು ಕಲಿತದ್ದು ಆ ದಾರಿಯಲ್ಲಿ, ಓದಲು ಬಾರದ ಇಬ್ಬರು ಹೆಂಗಸರಿಂದ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲೂ ಒಬ್ಬ ಕೆಂಚಮ್ಮ ನಿಮ್ಮ ತಪ್ಪನ್ನು ಹೊತ್ತುಕೊಂಡು ಹೋಗಿರಬಹುದು. ಹೋಗಿ ಹೇಳಿದ್ದೀರಾ? ಹೇಳದೆ ಉಳಿದಿದ್ದೀರಾ? ಕೆಳಗೆ ಬರೆಯಿರಿ, ನಾನು ಒಂದೊಂದನ್ನೂ ಓದುತ್ತೇನೆ. ಚೆಂದವಾಗಿ ಬರೆಯಬೇಕು ಅಂತೇನಿಲ್ಲ. ನಾನು ಪಾಪಿ, ನಾನು ಕೆಟ್ಟವಳು, ಅದೆಲ್ಲ ಬೇಡ. ಅದು ಸರಿ, ಏನ್ ಮಾಡಿದ್ರಿ, ಅದನ್ನ ಹೇಳ್ರಿ.